ಸಹಿ ಒಬ್ಬನದು, ಹಾಡು ನಾಲ್ವರದು: ಕಲಬುರಗಿಯ ರಾಕ್ ತಂಡವೊಂದರ ಲೇಬಲ್ ಕರಾರು

ಕಲಬುರಗಿಯ ನಾಲ್ವರ ಆಲ್ಟರ್ನೇಟಿವ್ ರಾಕ್ ತಂಡವೊಂದು ಬೆಂಗಳೂರಿನ ಮ್ಯೂಸಿಕ್ ಲೇಬಲ್ ಒಂದರ ಜೊತೆ ಎರಡು ಆಲ್ಬಮ್ಮಿಗೆ ಕರಾರು ಮಾಡಿಕೊಂಡಿತು. ಮೊದಲ ಆಲ್ಬಮ್ಮಿನಲ್ಲೇ ಗಂಟು ಬಿತ್ತು. ಹದಿನಾಲ್ಕು ತಿಂಗಳ ಹಗ್ಗಜಗ್ಗಾಟದ ಕೊನೆಗೆ ಎಂಟು ಹಾಡುಗಳಲ್ಲಿ ನಾಲ್ಕು ತಂಡಕ್ಕೆ ವಾಪಸ್ ಬಂದವು, ನಾಲ್ಕು ಹೊಸ ಷರತ್ತಿನ ಮೇಲೆ ಲೇಬಲ್ ಬಳಿಯೇ ಉಳಿದವು. ತಂಡ, ಲೇಬಲ್, ಹಾಡು ಯಾವುದರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿ ಮೊತ್ತಗಳನ್ನು ದುಂಡಗೆ ಮಾಡಿದೆ. ಷರತ್ತುಗಳ ತಿರುಳನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಕಲಿಯಬೇಕಾದ್ದು ಇರುವುದು ಅಲ್ಲೇ.

ಹಿನ್ನೆಲೆ

ಗಾಯಕ, ಗಿಟಾರ್, ಬೇಸ್, ಡ್ರಮ್ಸ್. ಒಬ್ಬ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ, ಒಬ್ಬನಿಗೆ ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ, ಇನ್ನಿಬ್ಬರು ಖಾಸಗಿ ನೌಕರಿ. ಆಳಂದ ರಸ್ತೆ ಕಡೆಯ ಮನೆಯೊಂದರ ಮಾಳಿಗೆ ಕೋಣೆಯೇ ಅವರ ಸ್ಟುಡಿಯೊ. ನೆಲಕ್ಕೆ ಶಹಾಬಾದ್ ಫರಸಿ. ಆ ನುಣುಪು ಕಲ್ಲಿಗೆ ಬಡಿದ ಸ್ನೇರ್ ಡ್ರಮ್ಮಿನ ಸದ್ದು ಚಾವಣಿಗೆ ಹೋಗಿ ಮತ್ತೆ ಮೈಕಿಗೆ ಬರುತ್ತಿತ್ತು. ಎರಡು ಜಮಖಾನ ಹಾಸಿ, ಮೂರು ಗೋಡೆಗೆ ಹತ್ತಿಯ ಗಾದಿ ತೂಗುಹಾಕಿದ ಮೇಲೆ ಅದು ತಹಬಂದಿಗೆ ಬಂತು. ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಎಂಟು ಇನ್‌ಪುಟ್‌ಗಳ ಆಡಿಯೊ ಇಂಟರ್‌ಫೇಸಿನಲ್ಲಿ ಡ್ರಮ್ಸಿನ ಭಾಗಗಳಾದ ಕಿಕ್, ಸ್ನೇರ್, ಹೈಹ್ಯಾಟ್‌ಗೆ ಒಂದೊಂದು ಮೈಕು, ಟಾಮ್‌ಗಳಿಗೆ ಎರಡು, ಮೇಲಿನಿಂದ ಎರಡು, ಕೋಣೆಗೊಂದು. ರೆಕಾರ್ಡಿಂಗಿನ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್. ಏಪ್ರಿಲ್–ಮೇ ತಿಂಗಳಲ್ಲಿ ಕೂಲರ್ ಹಾಕಿದರೆ ಅದರ ಗುಂಯ್ ಸದ್ದು ಎಲ್ಲ ಮೈಕಿಗೂ ಬೀಳುತ್ತದೆ, ಆರಿಸಿದರೆ ಗಿಟಾರಿನ ತಂತಿ ಕಾದು ಶ್ರುತಿ ಇಳಿಯುತ್ತದೆ. ಹಾಗಾಗಿ ರೆಕಾರ್ಡಿಂಗ್ ಎಲ್ಲ ರಾತ್ರಿ ಹನ್ನೊಂದರ ನಂತರ, ಪ್ರತಿ ಟೇಕಿಗೂ ಶ್ರುತಿ ನೋಡಿಕೊಂಡು.

ಹಾಡುಗಳು ಕಲಬುರಗಿಯ ಮಾತಿನಲ್ಲೇ ಇವೆ, ನಡುನಡುವೆ ದಖನಿ ಉರ್ದು ಸಾಲು. ಒಂದರಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಇದ್ದ ಹಾಗೇ ಎತ್ತಿಕೊಂಡು ಏಳು ನಿಮಿಷ ಬೆಳೆಸಿದ್ದರು. (ಕವಿ ತೀರಿಕೊಂಡ ವರ್ಷದ ನಂತರ 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುತ್ತದೆ. ಮಡಿವಾಳಪ್ಪನವರು ತೀರಿಕೊಂಡು ಅದಕ್ಕಿಂತ ಎಷ್ಟೋ ಹೆಚ್ಚು ಕಾಲವಾಗಿದೆ, ಹಾಗಾಗಿ ತತ್ವಪದದ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಈಗಿನವರೊಬ್ಬರು ಹೊಸದಾಗಿ ಹಾಕಿದ ಧಾಟಿಗೆ ಬೇಕಾಗುತ್ತದೆ. ಇವರ ಧಾಟಿ ಇವರದೇ.) ಮೂರು ಹಾಡುಗಳನ್ನು ಡಿಸ್ಟ್ರಿಬ್ಯೂಟರ್ ಮೂಲಕ ಸಂಗೀತದ ಆ್ಯಪ್‌ಗಳಿಗೆ ಹಾಕಿದ್ದರು. ಲೇಬಲ್ ಕಣ್ಣಿಗೆ ಬಿದ್ದದ್ದು ಅವು.

ಕರಾರು

ಹದಿನಾಲ್ಕು ಪುಟ, ಇಂಗ್ಲಿಷಿನಲ್ಲಿ. 'ತಂಡದ ಪರವಾಗಿ' ಎಂದು ಸಹಿ ಮಾಡಿದ್ದು ಗಾಯಕ ಒಬ್ಬನೇ. ಉಳಿದ ಮೂವರ ಆಧಾರ್ ಪ್ರತಿ ತೆಗೆದುಕೊಂಡರು, ಸಹಿ ತೆಗೆದುಕೊಳ್ಳಲಿಲ್ಲ. ಯಾರಿಗೂ ಆಗ ಅದು ದೊಡ್ಡ ಮಾತು ಅನಿಸಲಿಲ್ಲ.

ಅಡ್ವಾನ್ಸ್ 2,40,000 ರೂ., ತಲಾ 80,000ದ ಮೂರು ಕಂತು: ಸಹಿಯ ದಿನ, ಕಚ್ಚಾ ಮಿಕ್ಸ್ (ಎಲ್ಲ ವಾದ್ಯ ಕೂಡಿಸಿದ ಮೊದಲ ಕರಡು) ಕೊಟ್ಟ ದಿನ, ಲೇಬಲ್ 'ಒಪ್ಪಿಕೊಂಡ' ದಿನ. ಬಂದ ಆದಾಯದಲ್ಲಿ ತಂಡಕ್ಕೆ ಶೇ. 20. ಆದರೆ ಅಡ್ವಾನ್ಸಿನ ಜೊತೆ ಮಿಕ್ಸಿಂಗ್–ಮಾಸ್ಟರಿಂಗ್ 1,60,000, ಎರಡು ವಿಡಿಯೊ 1,80,000, ಪ್ರಚಾರ 1,20,000 ಎಲ್ಲವೂ ತಂಡದ ಆ ಶೇ. 20ರಿಂದಲೇ ತೀರಬೇಕು. ಒಟ್ಟು 7,00,000. ಶೇ. 20ರಲ್ಲಿ ಏಳು ಲಕ್ಷ ತೀರಬೇಕಾದರೆ ಲೇಬಲ್‌ಗೆ 35 ಲಕ್ಷ ಬರಬೇಕು. ಸ್ಟ್ರೀಮ್ (ಆ್ಯಪಿನಲ್ಲಿ ಹಾಡನ್ನು ಒಮ್ಮೆ ಕೇಳುವುದು) ಒಂದಕ್ಕೆ 10 ಪೈಸೆ ಎಂದು ಹಿಡಿದರೆ ಮೂರೂವರೆ ಕೋಟಿ ಸ್ಟ್ರೀಮ್. ಅಲ್ಲಿಯವರೆಗೆ ತಂಡಕ್ಕೆ ಒಂದು ರೂಪಾಯಿಯೂ ಇಲ್ಲ. ಲೇಬಲ್ ಹಾಕಿದ ದುಡ್ಡು ಮಾತ್ರ ಏಳು ಲಕ್ಷ ಬರುತ್ತಲೇ ಕೈಸೇರಿರುತ್ತದೆ. ಈ ಲೆಕ್ಕಕ್ಕೆ ಹತ್ತು ನಿಮಿಷ ಸಾಕು. ಸಹಿಗೆ ಮುಂಚೆ ಯಾರೂ ಮಾಡಲಿಲ್ಲ.

ದುಡ್ಡಿಗಿಂತ ಕೆಟ್ಟ ಸಾಲು ಆರನೇ ಪುಟದಲ್ಲಿತ್ತು. ಹಾಡುಗಳು 'ವಾಣಿಜ್ಯ ದೃಷ್ಟಿಯಿಂದ ತೃಪ್ತಿಕರ' ಆಗಿರಬೇಕು, ಆಗಿವೆಯೋ ಇಲ್ಲವೋ ಎಂಬುದನ್ನು ಲೇಬಲ್ ಒಂದೇ ತೀರ್ಮಾನಿಸುತ್ತದೆ. ಒಪ್ಪದಿದ್ದರೆ ಆಲ್ಬಮ್ ಕೊಟ್ಟಂತೆಯೇ ಅಲ್ಲ. ಕೊಟ್ಟಂತೆ ಆಗದಿದ್ದರೆ ಕರಾರಿನ ಅವಧಿಯ ಗಡಿಯಾರ ಓಡುವುದಿಲ್ಲ, ಗಡಿಯಾರ ಓಡದಿದ್ದರೆ ಬೇರೆ ಎಲ್ಲೂ ಹಾಡು ಬಿಡುವಂತಿಲ್ಲ. ಹೀಗೆ ಒಂದು ಸಾಲು ಇನ್ನೊಂದನ್ನು ಹಿಡಿದುಕೊಂಡು ತಂಡವನ್ನು ಎಷ್ಟು ವರ್ಷ ಬೇಕಾದರೂ ಕೂರಿಸಬಲ್ಲದು. ಮಾಸ್ಟರ್ (ಹಾಡಿನ ಮೂಲ ಧ್ವನಿಮುದ್ರಣ), ಸಾಹಿತ್ಯ, ಸಂಯೋಜನೆ ಎಲ್ಲ ಹಕ್ಕು ಕಾಯಂ ಆಗಿ, ಜಗತ್ತಿನಾದ್ಯಂತ ಲೇಬಲ್‌ಗೆ. ತಂಡದ ಹೆಸರಿನ ಮೇಲೂ ಹಕ್ಕು ಕೇಳಿದ್ದರು.

ಒಂದು ಪುಟದ ಟಿಪ್ಪಣಿ

ಐದನೇ ತಿಂಗಳಲ್ಲಿ ಎಂಟು ಹಾಡಿನ ಕಚ್ಚಾ ಮಿಕ್ಸ್ ಹೋಯಿತು. ವಾರದೊಳಗೆ ಉತ್ತರ ಬಂತು. ಸಾಹಿತ್ಯವನ್ನು 'ಎಲ್ಲರಿಗೂ ಅರ್ಥವಾಗುವ ಕನ್ನಡ'ಕ್ಕೆ ತರಬೇಕು. ಪಲ್ಲವಿ ಮೊದಲ 30 ಸೆಕೆಂಡಿನೊಳಗೆ ಬರಬೇಕು. ಡ್ರಮ್ಸ್ ತೆಗೆದು ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಮಾಡಿದ ಲೂಪ್ (ಒಂದೇ ತಾಳ ಸುತ್ತಿ ಸುತ್ತಿ ಬರುವ ತುಣುಕು) ಹಾಕಬೇಕು. ನೀರಿನ ಟ್ಯಾಂಕರ್ ಕುರಿತ ಹಾಡು ಮತ್ತು ಏಳು ನಿಮಿಷದ ತತ್ವಪದ ಎರಡೂ ಬೇಡ.

ಇದರಲ್ಲಿ ಎಲ್ಲವೂ ದಬ್ಬಾಳಿಕೆ ಅಲ್ಲ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಮೊದಲೇ ಕೇಳುಗ ಮುಂದಕ್ಕೆ ಹೋದರೆ ದುಡ್ಡಿಲ್ಲ. ಆ ಸಲಹೆಗೆ ಕಾರಣವಿತ್ತು. ಭಾಷೆ ಮತ್ತು ಡ್ರಮ್ಸ್ ಕುರಿತ ಸಲಹೆಗೆ ಅಂಥ ಕಾರಣವನ್ನು ಯಾರೂ ಕೊಡಲಿಲ್ಲ.

ಹೇಳಿದಂತೆ ಮಾಡಿ ನೋಡಿದ್ದು

ಬೇಸ್ ವಾದಕ "ಒಮ್ಮಿ ಮಾಡಿ ನೋಡೂಣು, ಏನ್ ಹೋಗ್ತದ?" ಅಂದ. ಎರಡು ಹಾಡು ಆರಿಸಿಕೊಂಡರು. 38,000 ರೂ. ಹೋಯಿತು, ಅದೂ ತೀರಿಸಬೇಕಾದ ಖಾತೆಗೇ ಸೇರಿತು.

ಮೊದಲ ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಒಂಬತ್ತು ಎಣಿಕೆಯದು, 2+2+2+3. ಪಲ್ಲವಿಯ ಕೊನೆಗೆ 'ಬರ್ಲಾಕತ್ತಾದ' ಬರುತ್ತದೆ. ಮಾತ್ರೆ ಎಣಿಸಿ: ನಾಲ್ಕು ಗುರು, ಒಂದು ಲಘು, ಒಟ್ಟು ಒಂಬತ್ತು. ರಿಫ್ ಹುಟ್ಟಿದ್ದೇ ಆ ಮಾತಿನ ನಡಿಗೆಯಿಂದ. ಲೇಬಲ್ ಸೂಚಿಸಿದ 'ಬರ್ತಾ ಇದೆ' ಆರು ಮಾತ್ರೆ. ಉಳಿದ ಮೂರು ಎಣಿಕೆಗೆ ಗಾಯಕ ಸ್ವರ ಎಳೆಯಬೇಕಾಯಿತು, ಸಾಲಿನ ಬಿರುಸು ಅಲ್ಲೇ ಸತ್ತಿತು.

ಲೂಪಿನ ಕಥೆ ಇನ್ನೂ ಕಷ್ಟ. ಕೊಟ್ಟ ಲೂಪ್ ಎಂಟೆಣಿಕೆಯದು. ಒಂಬತ್ತೆಣಿಕೆಯ ರಿಫ್ ಪ್ರತಿ ಸುತ್ತಿಗೂ ಒಂದೊಂದು ಎಣಿಕೆ ಹಿಂದೆ ಬೀಳುತ್ತಾ ಎಂಟು ಸುತ್ತಾದ ಮೇಲೆ, ಅಂದರೆ 72 ಎಣಿಕೆಗೆ, ಮತ್ತೆ ಲೂಪಿನ ಜೊತೆ ಕೂಡುತ್ತದೆ. ಬೇಕೆಂದೇ ಮಾಡಿದರೆ ಅದೊಂದು ಚೆಂದ. ಇಲ್ಲಿ ಬೇಡವಾಗಿತ್ತು, ಹಾಗಾಗಿ ರಿಫ್‌ನ ಕೊನೆಯ ಎಣಿಕೆ ಕತ್ತರಿಸಿದರು. ಇದು ಸಾಲದೆಂಬಂತೆ, ಮೂಲ ಗಿಟಾರನ್ನು ಕ್ಲಿಕ್ ಟ್ರ್ಯಾಕ್ (ಗತಿ ಕಾಯಲು ಕಿವಿಯಲ್ಲಿ ಕೇಳುವ ಟಿಕ್ ಟಿಕ್) ಇಲ್ಲದೆ ಡ್ರಮ್ಸ್ ಜೊತೆಗೇ ನುಡಿಸಿದ್ದರು. ಆರಂಭದಲ್ಲಿ ನಿಮಿಷಕ್ಕೆ 92 ಇದ್ದ ಗತಿ ಪಲ್ಲವಿಗೆ ಬರುವಷ್ಟರಲ್ಲಿ 97ಕ್ಕೆ ಏರುತ್ತಿತ್ತು. 94ಕ್ಕೆ ಗಟ್ಟಿಯಾಗಿ ನಿಂತ ಲೂಪಿಗೆ ಕೂಡಿಸಲು ಗಿಟಾರನ್ನು ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ ಕುಗ್ಗಿಸಿದಾಗ ಡಿಸ್ಟಾರ್ಶನ್ ಸದ್ದಿನ ಅಂಚಿಗೆ ನೀರಿನ ಗುಳುಗುಳು ಹತ್ತಿಕೊಂಡಿತು. ಕ್ಲಿಕ್ ಇಲ್ಲದೆ ನುಡಿಸಿದ ಹಾಡಿಗೆ ಆಮೇಲೆ ಲೂಪ್ ಹಾಕುವುದೆಂದರೆ ಎಲ್ಲ ವಾದ್ಯವನ್ನೂ ಮತ್ತೆ ನುಡಿಸುವುದೆಂದೇ ಅರ್ಥ. ಅದನ್ನು ಲೇಬಲ್‌ನವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಹೊಸ ರೂಪ ಕೇಳಿದ ಲೇಬಲ್ 'ಇದು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ' ಎಂದಿತು. ಆ ಮಾತು ಸರಿಯೇ ಇತ್ತು. ಮೂರನೇ ಕಂತು ಬರಲಿಲ್ಲ.

ಬೇರೆಯವರ ದಾರಿ

ಗಿಟಾರ್ ವಾದಕನ ತಲೆಯಲ್ಲಿದ್ದದ್ದು ಶಿಕಾಗೋದ ವಿಲ್ಕೋ ತಂಡ. 2001ರಲ್ಲಿ ರಿಪ್ರೈಸ್ ಲೇಬಲ್ ಅವರ ಆಲ್ಬಮ್ ಬೇಡವೆಂದಿತು. ತಂಡ ಅದನ್ನು ತನ್ನ ಜಾಲತಾಣದಲ್ಲೇ ಕೇಳಿಸಿತು. 2002ರಲ್ಲಿ ಅದೇ ಆಲ್ಬಮ್ಮನ್ನು ನಾನ್‌ಸಚ್ ಹೊರತಂದಿತು. ಎರಡೂ ವಾರ್ನರ್ ಗುಂಪಿನ ಲೇಬಲ್‌ಗಳೇ. ಡ್ರಮ್ಮರ್ ಹೇಳಿದ್ದು ದೆಹಲಿಯ ಇಂಡಿಯನ್ ಓಷನ್ ತಂಡದ ಉದಾಹರಣೆ. 2010ರಲ್ಲಿ ಅವರು ತಮ್ಮ ಹಾಡುಗಳನ್ನು ತಿಂಗಳಿಗೊಂದರಂತೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಬಿಟ್ಟಿದ್ದರು.

ಎರಡೂ ನಿಜ, ಎರಡೂ ಇವರಿಗೆ ಹೊಂದುವುದಿಲ್ಲ. ವಿಲ್ಕೋ ಲೇಬಲ್‌ನಿಂದ ಬಿಡುಗಡೆ ಪಡೆದು, ಮಾಸ್ಟರ್ ಕೈಗೆ ಬಂದ ಮೇಲೆ ಹಾಡು ಕೇಳಿಸಿತು. ಇಂಡಿಯನ್ ಓಷನ್ ಲೇಬಲ್ ಇಲ್ಲದೆ ತಾನೇ ಬಿಟ್ಟಿತು, ದೇಶವಿಡೀ ಕಾರ್ಯಕ್ರಮ ಕೊಡುವ ತಂಡಕ್ಕೆ ಆ ಧೈರ್ಯ ಇರುತ್ತದೆ. ಕಲಬುರಗಿಯ ತಂಡಕ್ಕೆ ವರ್ಷದಲ್ಲಿ ಸಿಗುತ್ತಿದ್ದದ್ದು ನಾಲ್ಕೈದು ಕಾಲೇಜು ಫೆಸ್ಟ್. ಸೌಂಡ್ ಸಿಸ್ಟಮ್ ಬಾಡಿಗೆ, ಟೆಂಪೊ ಬಾಡಿಗೆ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ.

ಆದರೂ ಗಿಟಾರ್ ವಾದಕ ತಡೆಯಲಿಲ್ಲ. ಟ್ಯಾಂಕರ್ ಹಾಡಿನ ಕೋಣೆಯ ವಿಡಿಯೊಗೆ ಮಿಕ್ಸ್ ಮಾಡಿದ ಆಡಿಯೊ ಕೂಡಿಸಿ ಯೂಟ್ಯೂಬಿಗೆ ಹಾಕಿದ. ಲೇಬಲ್ ಆಗಲೇ ಎಂಟೂ ಹಾಡಿನ ಕಚ್ಚಾ ಮಿಕ್ಸನ್ನು ಕಂಟೆಂಟ್ ಐಡಿಗೆ (ಹಕ್ಕಿರುವ ಸದ್ದನ್ನು ತಾನಾಗಿ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆಗೆ) ಸೇರಿಸಿತ್ತು. ಸಂಜೆಯೊಳಗೆ ಕ್ಲೇಮ್ ಬಂತು, ಎರಡು ದಿನಕ್ಕೆ ಕರಾರು ಮುರಿದ ನೋಟಿಸ್ ಬಂತು. ಅದುವರೆಗೆ ತಪ್ಪು ಹುಡುಕುವ ಸರದಿ ತಂಡದ್ದಾಗಿತ್ತು, ಈಗ ಲೇಬಲ್‌ದಾಯಿತು. ಮಾತುಕತೆ ಮೂರು ತಿಂಗಳು ಹಿಂದೆ ಹೋಯಿತು.

ವಕೀಲರ ಕೋಣೆಯಲ್ಲಿ

ಬೇಸ್ ವಾದಕನ ಸಂಬಂಧಿಕರೊಬ್ಬರು ಕಲಬುರಗಿ ಕೋರ್ಟಿನಲ್ಲಿ ವಕೀಲರು, ಹೆಚ್ಚಾಗಿ ಹೊಲದ ವ್ಯಾಜ್ಯ ನೋಡುವವರು. ಹದಿನಾಲ್ಕು ಪುಟ ಓದಿ ಕನ್ನಡಕ ತೆಗೆದು, "ಇದು ಲಾವಣಿ (ಗುತ್ತಿಗೆ) ಪತ್ರ ಅಲ್ಲೋ ತಮ್ಮಾ, ಖರೀದಿ ಪತ್ರ ಅದ. ಹೊಲ ಅವರ ಹೆಸರಿಗಿ ಆಗ್ಯಾದ, ನೀವು ಕೂಲಿ ಮ್ಯಾಲ ಬಿತ್ಲಾಕತ್ತೀರಿ" ಅಂದರು. "ಕಾಕಾ, ಇನ್ನ ಏನೂ ಮಾಡ್ಲಾಕ ಬರಂಗಿಲ್ಲೇನ್ರಿ?" ಎಂದು ಗಾಯಕ ಕೇಳಿದ್ದಕ್ಕೆ ಅವರು ಮೊದಲ ಪುಟಕ್ಕೇ ವಾಪಸ್ ಹೋದರು. "ಸಹಿ ಒಂದೇ ಅದಲ್ಲ. ಹಾಡು ಕಟ್ಟಿದವರು ಎಷ್ಟ್ ಮಂದಿ?"

ಪ್ರಕರಣ ತಿರುಗಿದ್ದು ಇಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19(1)ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರು ಅಥವಾ ಅವರು ಅಧಿಕಾರ ಕೊಟ್ಟವರು ಸಹಿ ಮಾಡಿರಬೇಕು. ಸಾಹಿತ್ಯ ಗಾಯಕನದು, ಸಂಯೋಜನೆಯಲ್ಲಿ ಗಿಟಾರ್ ಮತ್ತು ಬೇಸ್ ವಾದಕರ ಪಾಲೂ ಇತ್ತು. ಅವರಿಬ್ಬರೂ ಗಾಯಕನಿಗೆ ಅಧಿಕಾರಪತ್ರ ಕೊಟ್ಟಿರಲಿಲ್ಲ. ಡ್ರಮ್ಮರ್ ಸಂಯೋಜಕನಲ್ಲದಿದ್ದರೂ 38ಎ ಪ್ರಕಾರ ಪ್ರದರ್ಶಕನ ಹಕ್ಕು ಅವನದು, ಅವನ ಒಪ್ಪಿಗೆಯೂ ಕಾಗದದ ಮೇಲಿಲ್ಲ. ಅಂದರೆ ಲೇಬಲ್ ಕೊಂಡದ್ದು ಒಬ್ಬನ ಪಾಲನ್ನು ಮಾತ್ರ.

ಎರಡನೆಯದು ಮಾಸ್ಟರ್. ಧ್ವನಿಮುದ್ರಣದ 'ನಿರ್ಮಾಪಕ' ಯಾರೆಂದರೆ, ಅದನ್ನು ಮಾಡಲು ಮುಂದಾಗಿ ಹೊಣೆ ಹೊತ್ತವರು ಎನ್ನುತ್ತದೆ ಅದೇ ಕಾಯ್ದೆಯ 2(ಯುಯು). ಎಂಟರಲ್ಲಿ ಐದು ಹಾಡು ಕರಾರಿಗೂ ಮೊದಲೇ ಇವರ ಕೋಣೆಯಲ್ಲಿ ಮುದ್ರಣವಾಗಿದ್ದವು. ಕರಾರಿನ ಅನುಬಂಧದಲ್ಲಿ ಹೆಸರಿದ್ದದ್ದು ಬಿಡುಗಡೆಯಾದ ಮೂರಕ್ಕೆ ಮಾತ್ರ. ಉಳಿದೆರಡು ಎಲ್ಲೂ ಇಲ್ಲ. ಇದಕ್ಕೆ ಸಾಕ್ಷಿ ಬೇಕಲ್ಲ? ಕಂಪ್ಯೂಟರಿನ ಫೈಲ್ ತಾರೀಖು ಯಾರಾದರೂ ಬದಲಿಸಬಹುದು ಎಂದು ವಕೀಲರು ಅದನ್ನು ಪಕ್ಕಕ್ಕಿಟ್ಟರು. ಆಗಲೇ ಇಮೇಲಿನಲ್ಲಿ ಗೆಳೆಯರಿಗೆ ಕಳಿಸಿದ್ದ ಕಚ್ಚಾ ಮಿಕ್ಸ್, ಇಂಟರ್‌ಫೇಸಿನ ಬಿಲ್ಲು, ಬಿಡುಗಡೆಯಾದ ಹಾಡುಗಳ ಐಎಸ್‌ಆರ್‌ಸಿ (ಪ್ರತಿ ಧ್ವನಿಮುದ್ರಣಕ್ಕೂ ಕೊಡುವ ಗುರುತಿನ) ಸಂಖ್ಯೆ ಕೆಲಸಕ್ಕೆ ಬಂದವು. ಹನ್ನೆರಡು ಅಕ್ಷರ-ಅಂಕಿಗಳ ಆ ಸಂಖ್ಯೆಯಲ್ಲಿ ವರ್ಷದ ಎರಡಂಕಿ ಒಳಗೇ ಇರುತ್ತದೆ.

ಮೂರನೆಯದು ರಾಯಲ್ಟಿ. ಅಡ್ವಾನ್ಸಿನಲ್ಲೇ ಎಲ್ಲ ರಾಯಲ್ಟಿ ಸೇರಿದೆ ಎಂಬ ಸಾಲೊಂದಿತ್ತು. 2012ರ ತಿದ್ದುಪಡಿಯ ನಂತರ ಗೀತರಚನೆಕಾರ, ಸಂಯೋಜಕರು ತಮ್ಮ ರಾಯಲ್ಟಿಯ ಹಕ್ಕನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಕೊಡುವಂತಿಲ್ಲ, ಬಿಟ್ಟುಕೊಡುವಂತೆಯೂ ಇಲ್ಲ. ವಿರುದ್ಧವಾಗಿ ಬರೆದ ಸಾಲು ನಿಲ್ಲುವುದಿಲ್ಲ. ಮೂವರೂ ಅಂಥ ಸೊಸೈಟಿಯಾದ ಐಪಿಆರ್‌ಎಸ್‌ನ ಸದಸ್ಯತ್ವಕ್ಕೆ ಅರ್ಜಿ ಹಾಕಿದರು.

ಕೈಗೆ ಬಾರದ ಅಸ್ತ್ರಗಳನ್ನೂ ಹೇಳಬೇಕು, ಏಕೆಂದರೆ ತಂಡಗಳು ಮೋಸಹೋಗುವುದು ಇವುಗಳಲ್ಲೇ. ಒಂದು ವರ್ಷ ಬಳಸದಿದ್ದರೆ ಹಕ್ಕು ತಾನಾಗಿ ವಾಪಸ್ ಬರುತ್ತದೆ ಎಂದು 19(4) ತೋರಿಸುವವರು 'ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ' ಎಂಬುದನ್ನು ಬಿಟ್ಟು ಓದುತ್ತಾರೆ. ಇಲ್ಲಿ ಬೇರೆ ರೀತಿ ಹೇಳಿತ್ತು. ಅವಧಿ ಬರೆಯದಿದ್ದರೆ ಐದೇ ವರ್ಷ ಎಂಬ 19(5) ಕೂಡ ಅಷ್ಟೇ, 'ಕಾಯಂ' ಎಂದು ಸ್ಪಷ್ಟವಾಗಿ ಬರೆದಿದ್ದರು. ಕೃತಿಯನ್ನು ವಿರೂಪಗೊಳಿಸಿ ಕರ್ತೃವಿನ ಗೌರವಕ್ಕೆ ಧಕ್ಕೆ ತಂದರೆ 57ನೇ ಕಲಮು ಇದೆ, ಪ್ರದರ್ಶಕರಿಗೆ 38ಬಿ ಇದೆ. ಆದರೆ ಎಡಿಟಿಂಗಿಗಾಗಿ ಅಥವಾ ಅವಧಿಯ ಮಿತಿಗೆ ಕೂಡಿಸಲು ಪ್ರದರ್ಶನದ ಭಾಗ ತೆಗೆದರೆ ಅದು ಧಕ್ಕೆಯಲ್ಲ ಎಂದು 38ಬಿ ವಿವರಣೆಯೇ ಹೇಳುತ್ತದೆ. ಐದು ನಿಮಿಷದ ಹಾಡನ್ನು ಮೂರಕ್ಕೆ ಇಳಿಸಿದ್ದಕ್ಕೆ ಕೋರ್ಟಿಗೆ ಹೋದರೆ ಗೆಲ್ಲುವುದು ಕಷ್ಟ. ಉದ್ದದ ವಿಷಯದಲ್ಲಿ ಬಗ್ಗಿ, ಮಾತು ಮತ್ತು ವಾದ್ಯದ ವಿಷಯದಲ್ಲಿ ನಿಲ್ಲುವುದೆಂದು ತೀರ್ಮಾನವಾದದ್ದು ಈ ಓದಿನಿಂದಲೇ.

ಲೇಬಲ್‌ಗೆ ಉತ್ತರ ಬರೆಯುವ ಮುನ್ನ ಡ್ರಮ್ಮರ್ ಪಟ್ಟು ಹಿಡಿದ: "ಮೊದಲ ನಮ್ಮ ನಮ್ಮೊಳಗ ಲೆಕ್ಕ ಆಗ್ಲಿ." ಪಾಲಿನ ಪತ್ರ ಎಂಟು ಹಾಡಿಗೂ ಬೇರೆ ಬೇರೆಯಾಗಿ ಆಯಿತು. ಸಾಹಿತ್ಯ ಗಾಯಕನಿಗೆ, ಸಂಯೋಜನೆ ಮೂವರಿಗೆ ಹಾಡಿಗೆ ತಕ್ಕಂತೆ, ಮಾಸ್ಟರ್ ನಾಲ್ವರಿಗೂ ತಲಾ ಶೇ. 25. ಎರಡು ರಾತ್ರಿ ಜಗಳವಾಯಿತು. ಇದು ಇಲ್ಲದೆ ಹೋಗಿದ್ದರೆ ಲೇಬಲ್ ಒಬ್ಬೊಬ್ಬರನ್ನೇ ಕರೆದು ಸಹಿ ತೆಗೆದುಕೊಳ್ಳಬಹುದಿತ್ತು. ಹಾಗೆ ಮಾಡಲು ಅದು ನೋಡಿತ್ತು ಕೂಡ.

ಮಾತುಕತೆ

ನಾಲ್ವರ ಸಹಿಯ ಪತ್ರ ಎರಡೇ ಪುಟ. ಬೈಗುಳವಿಲ್ಲ, ಕಲೆ-ಸ್ವಾತಂತ್ರ್ಯದ ಭಾಷಣವಿಲ್ಲ. ಯಾವ ಹಾಡಿನ ಯಾವ ಹಕ್ಕು ಯಾರ ಬಳಿ ಇದೆ ಎಂಬ ಕೋಷ್ಟಕ, ಕೆಳಗೆ ಪ್ರಸ್ತಾವ. ಲೇಬಲ್‌ಗೂ ಅವಸರವಿತ್ತು. ಹಕ್ಕು ಸರಿಯಿಲ್ಲದ ಹಾಡನ್ನು ಅದು ಆ್ಯಪ್‌ಗಳಿಗೆ ತನ್ನದೆಂದು ಬರೆದುಕೊಟ್ಟಿತ್ತು.

ಕೊನೆಗೆ ಆದದ್ದು ಇದು. ಅನುಬಂಧದಲ್ಲಿಲ್ಲದ ಎರಡು ಹಾಡು, ಲೇಬಲ್ ತಾನೇ ಬೇಡವೆಂದ ಟ್ಯಾಂಕರ್ ಹಾಡು ಮತ್ತು ತತ್ವಪದ ತಂಡಕ್ಕೆ. ಉಳಿದ ನಾಲ್ಕು, ಒಂಬತ್ತೆಣಿಕೆಯ ಹಾಡೂ ಸೇರಿ, ಮಾರಾಟದ ಬದಲು ಏಳು ವರ್ಷದ ಏಕಮಾತ್ರ ಪರವಾನಗಿಯ ಮೇಲೆ ಲೇಬಲ್‌ಗೆ. 'ವಾಣಿಜ್ಯ ದೃಷ್ಟಿಯಿಂದ ತೃಪ್ತಿಕರ' ಹೋಗಿ 'ತಾಂತ್ರಿಕವಾಗಿ ತೃಪ್ತಿಕರ' ಬಂತು. ಹಾಗೆಂದರೇನು ಎಂಬುದನ್ನೂ ಬರೆದರು: 24 ಬಿಟ್ ವೇವ್ ಫೈಲ್, ಕ್ಲಿಪ್ಪಿಂಗ್ (ಸದ್ದು ಮಿತಿ ಮೀರಿ ಒಡೆಯುವುದು) ಇರಬಾರದು, ಪ್ರತಿ ವಾದ್ಯದ ಸ್ಟೆಮ್ (ಬಿಡಿ ಫೈಲ್) ಒಂದೇ ಬಿಂದುವಿನಿಂದ ಶುರುವಾಗಬೇಕು. ಹದಿನೈದು ದಿನದಲ್ಲಿ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿದಂತೆ. ಹಾಡನ್ನು ಚಿಕ್ಕದು ಮಾಡಲು ಲೇಬಲ್ ಕೇಳಿದರೆ ಹತ್ತು ದಿನದಲ್ಲಿ ತಂಡ ಉತ್ತರಿಸಬೇಕು, ಮೌನವೆಂದರೆ ಒಪ್ಪಿಗೆ. ಸಾಹಿತ್ಯ ಅಥವಾ ವಾದ್ಯ ಬದಲಿಸಲು ನಾಲ್ವರ ಲಿಖಿತ ಒಪ್ಪಿಗೆ, ಅಲ್ಲಿ ಮೌನವೆಂದರೆ ನಿರಾಕರಣೆ. ವಿಡಿಯೊ ಖರ್ಚಿನ ಅರ್ಧ ಮಾತ್ರ ತಂಡದ ಖಾತೆಗೆ. ಎರಡನೇ ಆಲ್ಬಮ್ಮಿನ ಮೇಲಿದ್ದ ಹಿಡಿತ ಸಡಿಲವಾಗಿ, 45 ದಿನ ಮೊದಲು ಮಾತಾಡುವ ಅವಕಾಶವಷ್ಟೇ ಉಳಿಯಿತು. ತಂಡದ ಹೆಸರಿನ ಸಾಲು ಕಿತ್ತುಹೋಯಿತು.

ತಂಡ ಬಿಟ್ಟುಕೊಟ್ಟದ್ದು ಮೂರನೇ ಕಂತಿನ 80,000. ಹಳೆಯ ಮೂರು ಹಾಡಿಗೆ ಲೇಬಲ್ ಹೊಸ ಐಎಸ್‌ಆರ್‌ಸಿ ಕೊಟ್ಟು ಏರಿಸಿದ್ದರಿಂದ ಹಿಂದಿನ ಕೇಳ್ವಿಕೆಯ ಸಂಖ್ಯೆಯೂ ಹೋಗಿತ್ತು. ಹಾಡಿನ ಒಡೆಯರು ಬದಲಾದರೂ ಧ್ವನಿಮುದ್ರಣದ ಸಂಖ್ಯೆ ಬದಲಾಗಬಾರದು. ಹಳೆಯ ಸಂಖ್ಯೆಯನ್ನೇ ಹಾಕಿ ಮರು ಏರಿಸಿದಾಗ ಹಿಂದಿನ ಕೇಳ್ವಿಕೆಯ ಲೆಕ್ಕ ಬಹುಪಾಲು ಕೂಡಿಕೊಂಡಿತು.

ಆಮೇಲೆ

ಲೇಬಲ್ ಪ್ರಚಾರಕ್ಕೆ ಕೈ ಬಿಗಿ ಮಾಡಿತು. ಪರವಾನಗಿಯ ಹಾಡಿಗೆ ಖರೀದಿಯ ಹಾಡಿನಷ್ಟು ದುಡ್ಡು ಯಾರೂ ಸುರಿಯುವುದಿಲ್ಲ, ಸ್ವಾತಂತ್ರ್ಯದ ಬೆಲೆಯಲ್ಲಿ ಇದೂ ಒಂದು. ಒಂಬತ್ತೆಣಿಕೆಯ ಹಾಡು ಮೂಲ ಡ್ರಮ್ಸ್, ಮೂಲ ಮಾತಿನಲ್ಲೇ ಬಂತು. ಇನ್ನೊಂದು ಹಾಡಿನಲ್ಲಿ ಆರಂಭದ ಗಿಟಾರ್ ತೆಗೆದು ಲೇಬಲ್ ಮಾಡಿದ ಚಿಕ್ಕ ರೂಪ ಉದ್ದದ ರೂಪಕ್ಕಿಂತ ಚೆನ್ನಾಗಿ ಓಡಿತು. "ಆ ಮೂವತ್ತೆಂಟು ಸೆಕೆಂಡ್ ನಮಗಷ್ಟೇ ಬೇಕಾಗಿತ್ತು ಬಿಡ್ರಿ" ಎಂದು ಡ್ರಮ್ಮರನೇ ಒಪ್ಪಿಕೊಂಡ. ಲೇಬಲ್ ಹೇಳಿದ್ದೆಲ್ಲ ತಪ್ಪು ಎಂದುಕೊಳ್ಳುವ ತಂಡಗಳು ಈ ಒಂದು ವಿವರವನ್ನು ಗಮನಿಸಬೇಕು. ಇಲ್ಲಿ ಜಗಳವಿದ್ದದ್ದು ಸಲಹೆಯ ಮೇಲಲ್ಲ, ಸಲಹೆ ಒಪ್ಪದಿದ್ದರೆ ಹಾಡು ಪೆಟ್ಟಿಗೆಯಲ್ಲೇ ಇರಲಿ ಎನ್ನುವ ಅಧಿಕಾರದ ಮೇಲೆ.

ಇಂಥ ಕರಾರು ಕೈಗೆ ಬಂದವರು ಮೊದಲು ಒಪ್ಪಿಗೆಯ ಷರತ್ತು ಎಲ್ಲಿದೆ ಎಂದು ಹುಡುಕಲಿ, ದುಡ್ಡಿನ ಪುಟ ಆಮೇಲೆ. 'ವಾಣಿಜ್ಯ' ಎಂಬ ಪದ ಅಲ್ಲಿದ್ದರೆ ಹೊಡೆದುಹಾಕಿಸಲಿ, ಅದಾಗದಿದ್ದರೆ ದಿನಗಳ ಮಿತಿಯನ್ನಾದರೂ ಹಾಕಿಸಲಿ. ಮಿತಿ ಮೀರಿದರೆ ಹಾಡು ವಾಪಸ್ ಎಂಬ ಸಾಲು ಅದರ ಪಕ್ಕದಲ್ಲೇ ಇರಬೇಕು. ಪಾಲಿನ ಪತ್ರವನ್ನು ಹಾಡು ಮುಗಿದ ರಾತ್ರಿಯೇ ಬರೆಯಬೇಕು, ಒಂದು ಹಾಳೆ ಸಾಕು: ಹಾಡಿನ ಹೆಸರು, ತಾರೀಖು, ಯಾರ ಸಾಹಿತ್ಯ, ಯಾರ ಸಂಯೋಜನೆ ಎಷ್ಟು ಪಾಲು, ನಾಲ್ವರ ಸಹಿ. ಅದರ ಫೋಟೊ ತೆಗೆದು ನಾಲ್ವರೂ ಪರಸ್ಪರ ಇಮೇಲ್ ಮಾಡಿಕೊಂಡರೆ ತಾರೀಖಿನ ಸಾಕ್ಷಿಯೂ ಆಯಿತು. ಈ ತಂಡಕ್ಕೆ ಸಹಿಯ ಲೋಪ ಆಸರೆಯಾಗಿ ಬಂದದ್ದು ಅದೃಷ್ಟ. ಈಗ ಆ ಲೇಬಲ್ ಎಲ್ಲ ಸದಸ್ಯರ ಸಹಿಯನ್ನೂ ಮೊದಲ ದಿನವೇ ತೆಗೆದುಕೊಳ್ಳುತ್ತಿದೆ.

ತಂಡ ತನ್ನ ಹೆಸರಿಗೆ ಟ್ರೇಡ್‌ಮಾರ್ಕ್ ವರ್ಗ 41ರಲ್ಲಿ (ಮನರಂಜನೆಯ ಸೇವೆಗಳು ಬರುವ ವರ್ಗ) ಆನ್‌ಲೈನ್ ಅರ್ಜಿ ಹಾಕಿದೆ. ವ್ಯಕ್ತಿಗಳಿಗೆ ಶುಲ್ಕ 4,500 ರೂ., ಸಿಕ್ಕರೆ ಹತ್ತು ವರ್ಷಕ್ಕೆ. ಲೇಬಲ್‌ನಿಂದ ಆರು ತಿಂಗಳಿಗೊಮ್ಮೆ ಲೆಕ್ಕ ಬರಬೇಕು. ಬಂದ ಮೊದಲ ಲೆಕ್ಕದಲ್ಲಿ ಯೂಟ್ಯೂಬ್ ಆದಾಯದ ಸಾಲೇ ಇರಲಿಲ್ಲ. ಬೇಸ್ ವಾದಕ ಆ ಸಾಲು ಎಲ್ಲಿ ಎಂದು ಕೇಳಿ ಇಮೇಲ್ ಬರೆದ, ಮುಂದಿನ ತಿಂಗಳು ತಿದ್ದಿದ ಲೆಕ್ಕ ಬಂತು.